ಗುಮ್ಮನ ಸ್ವಿಚ್ಚು

ಅವನನ್ನು ಎಲ್ಲರೂ ಗುಮ್ಮ ಎಂದು ಕರೆಯುತ್ತಿದ್ದರು, ಎದುರಿಗಲ್ಲ, ಬೆನ್ನ ಹಿಂದೆ. ಗುಮ್ಮನಗುಸುಕ ಎಂದು ಪೂರ್ತಿ ಹೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲವಾದ್ದರಿಂದ ಅರ್ಧಕ್ಕೇ ನಿಲ್ಲಿಸಿದ್ದರು.

ಅವನು ಟ್ಯಾಂಕ್ ಕಮಾಂಡರ್. ಟ್ಯಾಂಕು ಎಂದರೆ ಉಕ್ಕಿನ ಹೊಟ್ಟೆಯೊಳಗೆ ಮೂವರು ಕೂತು ಹೋಗುವ ಗಾಡಿ. ಮುಂದೆ ತಗ್ಗಿನಲ್ಲಿ ಹೆಚ್ಚುಕಡಿಮೆ ಮಲಗಿಕೊಂಡೇ ಓಡಿಸುವವನು ಡ್ರೈವರ್. ಮೇಲೆ ಗೋಪುರದಲ್ಲಿ ತೋಪಿನ ಪಕ್ಕ ಕೂತವನು ಗನ್ನರ್. ಅವನ ಬೆನ್ನಿಗೆ ಮೊಣಕಾಲು ತಾಗಿಸಿಕೊಂಡು, ಎಲ್ಲರಿಗಿಂತ ಎತ್ತರದಲ್ಲಿ ಕಮಾಂಡರ್. ಡ್ರೈವರನಿಗೆ ಕಾಣುವುದು ಗಾಜಿನ ಸೀಳಿನಲ್ಲಿ ಮೂಡುವ ನಾಲ್ಕು ಮಾರು ನೆಲ. ಗನ್ನರನಿಗೆ ಕಾಣುವುದು ಕೊಳವೆಯ ತುದಿಯ ಒಂದು ಚೂರು ಆಕಾಶ. ಸುತ್ತಲಿನ ಲೋಕವನ್ನು ಪೂರ್ತಿಯಾಗಿ ನೋಡುವವನು ಕಮಾಂಡರ್ ಒಬ್ಬನೇ. ಉಳಿದಿಬ್ಬರು ಅವನ ಬಾಯಿಯ ಮೂಲಕವೇ ಲೋಕ ನೋಡಬೇಕು. ಅಂಥ ಜಾಗಕ್ಕೆ ಸೇನೆ ಹುಡುಕಿ ಹುಡುಕಿ ಕೂರಿಸಿದ್ದು, ತಲೆಯ ಮೇಲೆ ಸೂರು ಬಿದ್ದರೂ ‘ನೋಡೋಣ’ ಎನ್ನುವ ಮನುಷ್ಯನನ್ನು.

ಗುಮ್ಮನಿಗೆ ವಿಷಯ ಗೊತ್ತಿರುತ್ತಿರಲಿಲ್ಲ ಎಂದಲ್ಲ. ಎಲ್ಲವೂ ಗೊತ್ತಿರುತ್ತಿತ್ತು. ಮಕ್ಕಳು ಮಿಠಾಯಿಯನ್ನು ಕೆನ್ನೆಯ ಮೂಲೆಗೆ ಒತ್ತಿಕೊಂಡು ಓಡಾಡುವಂತೆ ಅವನು ಸುದ್ದಿಯನ್ನು ಬಾಯಲ್ಲಿಟ್ಟುಕೊಂಡು ಓಡಾಡುತ್ತಿದ್ದ. ಅದು ಕರಗಿ ಹೋಗುವವರೆಗೆ ತುಟಿ ಬಿಚ್ಚುತ್ತಿರಲಿಲ್ಲ. ಒಮ್ಮೆ ಮರುದಿನದ ತಾಲೀಮು ರದ್ದಾಗಿದೆ ಎಂದು ತಿಳಿದಿದ್ದೂ, ಇಬ್ಬರು ಸಂಗಾತಿಗಳು ಬಿಸಿಲಲ್ಲಿ ಬೋರಲು ಬಿದ್ದು ಟ್ಯಾಂಕಿನ ಸರಪಳಿಗೆ ಗ್ರೀಸು ಬಳಿಯುವುದನ್ನು ನೆರಳಲ್ಲಿ ನಿಂತು ನೋಡಿದ್ದ.

“ನಿಮಗೆ ಗೊತ್ತಿತ್ತಾ ಸಾರ್?” ಎಂದು ಗನ್ನರ್ ಆಮೇಲೆ ಕೇಳಿದ್ದ.

“ಗೊತ್ತಿತ್ತು.”

“ಹೇಳಬಾರದಿತ್ತಾ?”

“ನೀವು ಕೇಳಲಿಲ್ವಲ್ಲ.”

ಡ್ರೈವರ್ ಗುಮ್ಮನ ಹೆಂಡತಿಯ ತಮ್ಮ. ಮದುವೆಗೆ ಮುಂಚೆಯೇ ಅವನು ಗುಮ್ಮನ ಟ್ಯಾಂಕ್ ಓಡಿಸುತ್ತಿದ್ದ. ಕೂಗಾಡುವ, ಬಯ್ಯುವ, ಊರ ಸುದ್ದಿಯನ್ನೆಲ್ಲ ಜಗಿಯುವ ಕಮಾಂಡರ್‌ಗಳ ನಡುವೆ ಈ ಸದ್ದಿಲ್ಲದ ಮನುಷ್ಯನನ್ನು ಕಂಡು ಮರುಳಾಗಿ, ಮನೆಗೆ ಹೋಗಿ ಅಕ್ಕನಿಗೆ ಹೇಳಿದ: “ಮಾತು ಕಮ್ಮಿ ಅಕ್ಕ. ಒಳ್ಳೆ ಮನುಷ್ಯ.” ಈ ಎರಡು ವಾಕ್ಯಗಳ ನಡುವೆ ‘ಆದ್ದರಿಂದ’ ಎಂಬ ಪದವನ್ನು ಸೇರಿಸಿಕೊಂಡಿದ್ದು ಅವನದೇ ತಪ್ಪು. ಅದಕ್ಕೆ ತಕ್ಕ ಶಾಸ್ತಿಯನ್ನು ಅವನು ದಿನವೂ ಅನುಭವಿಸುತ್ತಿದ್ದ. ಭಾವ ಮತ್ತು ಭಾಮೈದ ಒಂದೇ ಟ್ಯಾಂಕಿನಲ್ಲಿರುವುದು ಸರಿಯಲ್ಲ ಎಂದು ಮೇಲಿನವರಾರಿಗೂ ಹೊಳೆಯಲಿಲ್ಲ. ಮದುವೆಯಾದ ವಿಷಯವನ್ನೇ ಗುಮ್ಮ ಬಹಳ ಕಾಲ ಯಾರಿಗೂ ಹೇಳಿರಲಿಲ್ಲ.

ಹೆಂಡತಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಇಟ್ಟು, ಒಂದೊಂದೇ ಗಾಜು ಬದಲಿಸುತ್ತ “ಈಗ ಕಾಣುತ್ತಾ? ಈಗ?” ಎಂದು ಕೇಳುವವಳು. ಮೆಳ್ಳಗಣ್ಣಿನ ಕೂಸನ್ನೂ ಮುನಿಸಿಕೊಂಡ ಮುದುಕನನ್ನೂ ಒಂದೇ ತಾಳ್ಮೆಯಲ್ಲಿ ಕೇಳುತ್ತಿದ್ದಳು. ಗಂಡನಿಗೆ ಬದಲಿಯಾದಾಗಲೆಲ್ಲ ಹೊಸ ಊರು, ಹೊಸ ಅಂಗಡಿ. ಟ್ಯಾಂಕಿನ ಮೂವರಿಗೂ ಒಟ್ಟಿಗೇ ಬದಲಿಯಾಗುತ್ತಿದ್ದರೂ ಆದೇಶ ಬರುತ್ತಿದ್ದುದು ಗುಮ್ಮನ ಕೈಗೆ; ಅವಳಿಗೂ ತಮ್ಮನಿಗೂ ಅದು ತಿಳಿಯುತ್ತಿದ್ದುದು ಲಾರಿ ಬಾಗಿಲಿಗೆ ಬಂದು ನಿಂತಾಗ. ಹಿಂದಿನ ಸಲ ಅವಳು ಕೆಲಸ ಮುಗಿಸಿ ಬರುವಾಗ ಯಾರೋ ಇಬ್ಬರು ಅವಳ ಮನೆಯ ಮಂಚವನ್ನು ಮೆಟ್ಟಿಲಲ್ಲಿ ಇಳಿಸುತ್ತಿದ್ದರು. ಅವಳು ಕಳ್ಳರೆಂದುಕೊಂಡು ಬೀದಿಯವರನ್ನೆಲ್ಲ ಕೂಗಿ ಸೇರಿಸಿಬಿಟ್ಟಳು. ಜನ ಸೇರಿದ ಮೇಲೆ ಗುಮ್ಮ ಒಳಗಿನಿಂದ ದಿಂಬು ಹಿಡಿದುಕೊಂಡು ಬಂದ.

“ಇನ್ನೊಂದು ಸಲ ಹೀಗೆ ಮಾಡಿದ್ರೆ,” ಎಂದು ಅವಳು ಅಂದೇ ಹೇಳಿದ್ದಳು, “ಮಂಚ ಹೋಗುತ್ತೆ, ನಾನು ಬರಲ್ಲ.”

“ನೋಡೋಣ,” ಎಂದಿದ್ದ ಅವನು.

ಈ ಊರಿನ ಅಂಗಡಿಯ ಯಜಮಾನರಿಗೆ ಈಗೀಗ ಕೈ ನಡುಗುತ್ತಿತ್ತು. ಗಾಜು ಕೂರಿಸಲು ಹೋದರೆ ಚೌಕಟ್ಟೇ ಮುರಿಯುತ್ತಿತ್ತು. ಮಕ್ಕಳಿಲ್ಲದ ಅವರು ಅಂಗಡಿಯನ್ನು ಅವಳಿಗೇ ಒಪ್ಪಿಸುವುದಾಗಿ ಹೇಳಿದ್ದರು. “ಆದ್ರೆ ಒಂದು ಮಾತಮ್ಮ. ಒಪ್ಕೊಂಡ್ರೆ ಇಲ್ಲೇ ನಿಲ್ಲಬೇಕು. ನಡುವೆ ಗಂಟುಮೂಟೆ ಕಟ್ಟಿದ್ರೆ ನನ್ನ ಕೈಲಿ ಮತ್ತೆ ಶುರು ಮಾಡೋಕಾಗಲ್ಲ. ಸೋಮವಾರ ಹೇಳು.” ಎಷ್ಟೋ ಊರುಗಳಲ್ಲಿ ಬೇರೆಯವರ ಗಲ್ಲಾಪೆಟ್ಟಿಗೆಯ ಹಿಂದೆ ನಿಂತವಳಿಗೆ ಇದು ಮೊದಲ ಸಲ ಸಿಕ್ಕ ಸ್ವಂತ ಬಾಗಿಲು. ಅವಳು ಮನೆಗೆ ಬಂದು ಗಂಡನೆದುರು ಕೂತಳು.

“ರೀ, ಬದಲಿ ಏನಾದರೂ ಇದೆಯಾ? ಇದ್ರೆ ಈಗಲೇ ಹೇಳಿಬಿಡಿ. ಆ ಮುದುಕರಿಗೆ ಸುಳ್ಳು ಮಾತು ಕೊಡೋಕೆ ನನಗಾಗಲ್ಲ.”

ದಳದ ಮುಖ್ಯಸ್ಥರಾದ ಮೇಜರ್ ಕೆಲವು ದಿನಗಳ ಹಿಂದಷ್ಟೇ ಅವನನ್ನು ಕರೆದು, ತರಬೇತಿ ಶಾಲೆಯವರು ಪಾಠ ಹೇಳಲು ಅವನನ್ನು ಕೇಳಿದ್ದಾರೆ, ಮುಂದಿನ ತಿಂಗಳು ಹೊರಡಬೇಕು ಎಂದು ತಿಳಿಸಿದ್ದರು. ಅದು ಅವನ ಕೆನ್ನೆಯ ಮೂಲೆಯಲ್ಲಿ ಭದ್ರವಾಗಿ ಕೂತಿತ್ತು.

“ನೋಡೋಣ,” ಎಂದ ಗುಮ್ಮ.

ಶಾಲೆಯವರು ಅವನನ್ನು ಕೇಳಿದ್ದು ಪರದೆಯ ದೆಸೆಯಿಂದ. ಅದಕ್ಕೆ ರಣರಂಗ ನಿರ್ವಹಣಾ ವ್ಯವಸ್ಥೆ ಎಂಬ ಉದ್ದನೆಯ ಹೆಸರಿತ್ತು. ಓಡಿಸುವವರು ಪರದೆ ಎನ್ನುತ್ತಿದ್ದರು. ಪ್ರತಿ ಟ್ಯಾಂಕಿನಲ್ಲೂ ಕಮಾಂಡರನ ಮೂಗಿನೆದುರು ಒಂದು. ಅದರಲ್ಲಿ ನೆಲದ ನಕ್ಷೆ, ನಮ್ಮ ಟ್ಯಾಂಕುಗಳಿಗೆ ನೀಲಿ ಚುಕ್ಕೆ, ಎದುರಾಳಿಗೆ ಕೆಂಪು ಚುಕ್ಕೆ, ಕೆಸರು ಇರುವಲ್ಲಿ ಓರೆ ಗೆರೆ. ಗುಮ್ಮ ಮೊದಲ ದಿನವೇ ಅದಕ್ಕೆ ಮನಸೋತ. ಹಿಂದೆಲ್ಲ ಮುಚ್ಚಳ ತೆರೆದು ತಲೆ ಹೊರಹಾಕಿ ನಿಲ್ಲುತ್ತಿದ್ದವನು, ಹುಬ್ಬಿನ ತುಂಬ ಧೂಳು ಹೊತ್ತು ಮನೆಗೆ ಬರುತ್ತಿದ್ದವನು, ಈಗ ಮದುಮಗನಂತೆ ಶುಭ್ರ ಮುಖದಲ್ಲಿ ಬರತೊಡಗಿದ. ಯಾರಿಗೂ ಏನನ್ನೂ ಹೇಳದೆ ಎಲ್ಲವನ್ನೂ ತಿಳಿದುಕೊಂಡಿರಬಹುದಾದ ಯಂತ್ರ. ಅವನಿಗೆಂದೇ ಯಾರೋ ಮಾಡಿದಂತಿತ್ತು. ದಳದಲ್ಲಿ ಅದನ್ನು ಅವನಷ್ಟು ಬಲ್ಲವರು ಬೇರೆ ಇರಲಿಲ್ಲ.

ಡ್ರೈವರನ ಮುಂದೆಯೂ ಅಂಗೈಯಗಲದ ಪರದೆಯೊಂದನ್ನು ಹಾಕಿದ್ದರು. ಆದರೆ ಕಮಾಂಡರ್ ತನ್ನ ಪರದೆಯಲ್ಲಿ ‘ಹಂಚು’ ಎಂಬ ಗುಂಡಿ ಒತ್ತಿದರೆ ಮಾತ್ರ ಅದರಲ್ಲಿ ನಕ್ಷೆ ಮೂಡುತ್ತಿತ್ತು. ಗುಮ್ಮ ಅದನ್ನು ಒತ್ತಲಿಲ್ಲ. ಡ್ರೈವರನ ಪರದೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ‘ಮಾಹಿತಿಗಾಗಿ ಕಾಯಿರಿ’ ಎಂಬ ಒಂದೇ ಸಾಲು. ಕಾದು ಕಾದು ಡ್ರೈವರ್ ಅದರ ಮೇಲೆ ಒದ್ದೆ ಕಾಲುಚೀಲ ಒಣಹಾಕಲು ಶುರುಮಾಡಿದ. ಅದು ಸದಾ ಬೆಚ್ಚಗಿರುತ್ತಿದ್ದುದರಿಂದ ಚೆನ್ನಾಗಿಯೇ ಒಣಗುತ್ತಿದ್ದವು.

ಟ್ಯಾಂಕಿನಲ್ಲಿ ಕೂರುವವರಿಗೆ ಯಾವ ಮಾಹಿತಿ ಬೇಕು ಎಂದು ತಿಳಿಯಲು ರಾಜಧಾನಿಯಿಂದ ಒಬ್ಬಾಕೆ ಬಂದರು. ಎಲ್ಲರೂ ಅವರನ್ನು ಪ್ರಶ್ನೆ ಮೇಡಂ ಎಂದರು. ಟ್ಯಾಂಕು ನಿಲ್ಲಿಸುವ ಶೆಡ್ಡಿನಲ್ಲಿ ಮೇಜು ಹಾಕಿಕೊಂಡು, ಎಣ್ಣೆಯ ವಾಸನೆಗೆ ಮೂಗು ಮುಚ್ಚಿಕೊಂಡು, ಒಬ್ಬೊಬ್ಬರನ್ನೇ ಕರೆದು ಕೇಳಿದರು.

“ನಿಮ್ಮ ಡ್ರೈವರಿಗೆ ಏನೇನು ತಿಳಿದಿರಬೇಕು?” ಎಂದು ಗುಮ್ಮನನ್ನು ಕೇಳಿದರು.

“ಎಡ, ಬಲ, ನಿಲ್ಲು.”

“ಮತ್ತೆ?”

“ಅಷ್ಟು ಸಾಕು.”

“ಗನ್ನರಿಗೆ?”

“ಹೊಡಿ.”

ಡ್ರೈವರನನ್ನು ಕೇಳಿದಾಗ ಅವನು ತಲೆ ಕೆರೆದುಕೊಂಡ. “ದಿಬ್ಬದಾಚೆ ಏನಿದೆ ಅಂತ ಗೊತ್ತಾದ್ರೆ ಸಾಕು ಮೇಡಂ. ಆಮೇಲೆ ಊಟ ಯಾವಾಗ ಅಂತ. ಮೂರನೇದು ಏನಾದ್ರೂ ಕೊಡೋದಿದ್ರೆ, ನಮ್ಮ ಭಾವನಿಗೆ ಒಂದು ನಾಲಿಗೆ.” ಗನ್ನರ್ ಮಾತ್ರ ಗಂಭೀರವಾಗಿ, ಎದುರಿಗಿರುವುದು ನಮ್ಮವರೋ ಅಲ್ಲವೋ ಎಂದು ಹೊಡೆಯುವ ಮುಂಚೆ ತಿಳಿಯಬೇಕು, ಹೊಡೆದ ಮೇಲೆ ತಿಳಿದರೆ ಕ್ಷಮೆ ಕೇಳುವುದು ಕಷ್ಟ, ಎಂದ. ಮೇಡಂ ಎಲ್ಲವನ್ನೂ ಬರೆದುಕೊಂಡರು. ಊಟ ಯಾವಾಗ ಎಂಬುದು ಅವರ ವರದಿಯಲ್ಲಿ ‘ಪೋಷಣಾ ವೇಳಾಪಟ್ಟಿಯ ಕುರಿತ ಪೂರ್ವಸೂಚನೆ’ ಆಯಿತು. ನಾಲಿಗೆಯ ಬೇಡಿಕೆಗೆ ಅವರಿಗೆ ತಕ್ಕ ಪದ ಸಿಗಲಿಲ್ಲ, ಬಿಟ್ಟರು. ಇಡೀ ವರದಿಯಲ್ಲಿ ಬಿಟ್ಟುಹೋದ ಅಗತ್ಯ ಅದೊಂದೇ.

ಶುಕ್ರವಾರ ಪರೀಕ್ಷೆ. ಊರಾಚೆಯ ಬಯಲಿನಲ್ಲಿ ಇಡೀ ದಳ ಸಾಲಾಗಿ ಮುಂದೆ ಸಾಗಬೇಕು. ಮೇಡಂ ಮತ್ತು ಮೇಜರ್ ದಿಬ್ಬದ ಮೇಲೆ ನಿಂತು ರೇಡಿಯೋ ಕೇಳುತ್ತಿರುತ್ತಾರೆ. ಯಾವ ಕಮಾಂಡರ್ ಯಾವಾಗ ಯಾರಿಗೆ ಏನು ಹೇಳಿದ ಎಂಬುದೆಲ್ಲ ದಾಖಲಾಗುತ್ತದೆ.

ಇಲ್ಲಿ ಸ್ವಿಚ್ಚಿನ ವಿಷಯ ಹೇಳಬೇಕು. ಕಮಾಂಡರನ ಎದೆಗೆ ಸಿಕ್ಕಿಸಿದ ಡಬ್ಬಿಯಲ್ಲಿ ಒಂದು ಸ್ವಿಚ್ಚು ಇರುತ್ತದೆ. ‘ಒಳಗೆ’ ಎಂದು ತಿರುಗಿಸಿದರೆ ಅವನ ಮಾತು ತನ್ನ ಡ್ರೈವರ್, ಗನ್ನರ್ ಇಬ್ಬರ ಕಿವಿಗೆ ಹೋಗುತ್ತದೆ. ‘ಹೊರಗೆ’ ಎಂದು ತಿರುಗಿಸಿದರೆ ದಳದ ಉಳಿದೆಲ್ಲ ಟ್ಯಾಂಕುಗಳಿಗೆ ಹೋಗುತ್ತದೆ, ತನ್ನವರಿಗೆ ಮಾತ್ರ ಇಲ್ಲ. ಎಂಜಿನಿನ ಆರ್ಭಟದಲ್ಲಿ ಬರಿಗಂಟಲಿಗೆ ಬೆಲೆಯಿಲ್ಲ. ತಿರುಗಿಸಿದ ಸ್ವಿಚ್ಚು ಮತ್ತೆ ತಿರುಗಿಸುವವರೆಗೆ ಅಲ್ಲೇ ಇರುತ್ತದೆ, ಮತ್ತು ಒಬ್ಬ ಹೊರಗೆ ಮಾತಾಡುತ್ತಿರುವಷ್ಟು ಹೊತ್ತು ಇನ್ನೊಬ್ಬ ನಡುವೆ ಬಾಯಿ ಹಾಕುವಂತಿಲ್ಲ. ಒಳಗಿನವರಿಗೆ ದಿನವಿಡೀ ಏನಾದರೊಂದು ಹೇಳುತ್ತಿರುವ ಕಮಾಂಡರನ ಬೆರಳು ಈ ಸ್ವಿಚ್ಚಿನ ಮೇಲೆ ತಾನಾಗಿ ಓಡಾಡುತ್ತದೆ. ಗುಮ್ಮನ ಬೆರಳಿಗೆ ಆ ಅಭ್ಯಾಸವೇ ಇರಲಿಲ್ಲ.

ಬಯಲಿಗಿಳಿಯುತ್ತಲೇ ಅವನು ಸ್ವಿಚ್ಚು ಹೊರಗೆ ಮಾಡಿ, ತನ್ನ ಟ್ಯಾಂಕು ಹೊರಟಿದೆ ಎಂದು ಮೇಜರಿಗೆ ವರದಿ ಒಪ್ಪಿಸಿದ. ಆಮೇಲೆ ಪರದೆಯಲ್ಲಿ ಮುಳುಗಿದ. ಮುಂದೆ ಓರೆ ಗೆರೆಗಳ ಒಂದು ಪಟ್ಟಿ ಹತ್ತಿರವಾಗುತ್ತಿತ್ತು. ಮೇಲೆ ಹುಲ್ಲು, ಕೆಳಗೆ ಆಳದ ಕೆಸರು. ಡ್ರೈವರನ ಸೀಳಿನಲ್ಲಿ ಬರೀ ಹಸಿರು ಹುಲ್ಲು ಕಾಣುತ್ತಿತ್ತು. ಅದು ಬಹಳ ಹತ್ತಿರವಾದ ಮೇಲೆ ಗುಮ್ಮ ಬಾಯಿ ತೆರೆದ.

“ನಿಲ್ಲು.”

ಇಡೀ ದಳ ನಿಂತಿತು. ಬಯಲಿನ ಈ ತುದಿಯಿಂದ ಆ ತುದಿಯವರೆಗೆ ಒಂದೊಂದು ಟ್ಯಾಂಕೂ ಮುಗ್ಗರಿಸಿ, ಧೂಳೆಬ್ಬಿಸಿ ನಿಂತಿತು. ನಿಲ್ಲದೆ ಹೋದದ್ದು ಗುಮ್ಮನ ಟ್ಯಾಂಕು ಒಂದೇ. ಪರದೆಯಲ್ಲಿ ನೀಲಿ ಚುಕ್ಕೆಗಳೆಲ್ಲ ನಿಂತುಬಿಟ್ಟು, ಒಂದೇ ಒಂದು ಚುಕ್ಕೆ ಓರೆ ಗೆರೆಗಳೊಳಗೆ ನುಗ್ಗುತ್ತಿರುವುದನ್ನು ಅವನು ಕಂಡ. ಯಾರಪ್ಪ ಈ ಮೂರ್ಖ ಎಂದು ಅವನಿಗೆ ಅನ್ನಿಸಿತಂತೆ.

“ನಿಲ್ಲು ಅಂದೆ ಕಣೋ. ಕಿವೀಲಿ ಹತ್ತಿ ಇಟ್ಕೊಂಡಿದ್ದೀಯಾ?”

ನಿಂತಿದ್ದ ಟ್ಯಾಂಕುಗಳ ಕಮಾಂಡರ್‌ಗಳೆಲ್ಲ ಇನ್ನೆಷ್ಟು ನಿಲ್ಲುವುದೆಂದು ತಿಳಿಯದೆ ಕೂತರು. ಗುಮ್ಮನ ಟ್ಯಾಂಕಿನ ಮೂಗು ಮೆಲ್ಲಗೆ ಬಾಗಿತು. ಸರಪಳಿಗಳು ಎರಡು ಸುತ್ತು ಕೆಸರನ್ನು ಕಡೆದವು. ಎಂಜಿನು ಕೆಮ್ಮಿ ಆರಿತು. ಆಮೇಲೆ ಒಳಗೆ ಎಂಥ ನಿಶ್ಶಬ್ದವೆಂದರೆ, ಡ್ರೈವರನ ಕಾಲ ಬಳಿ ನೀರು ಜಿನುಗುವುದು ಮೂವರಿಗೂ ಕೇಳಿಸಿತು. ಈಗ ಬರಿಗಂಟಲಿನ ಮಾತೂ ಕೇಳಿಸುತ್ತಿತ್ತು. ಸ್ವಿಚ್ಚು ಇನ್ನೂ ಹೊರಗೇ ಇತ್ತು.

“ಭಾವ, ಇದು ಕೆಸರು,” ಎಂದ ಡ್ರೈವರ್.

“ಗೊತ್ತು.”

“ಯಾವಾಗಿಂದ ಗೊತ್ತು?”

“ಬೆಳಿಗ್ಗೆಯಿಂದ ಪರದೇಲಿ ಇದೆ.”

“ಹೇಳಬಾರದಿತ್ತಾ?”

“ಹೇಳಿದೆನಲ್ಲೋ, ಗಂಟಲು ಹರಿಯೋ ಹಾಗೆ.”

“ಯಾರಿಗೆ ಹೇಳಿದ್ರಿ? ಗನ್ನರ್, ನಿನಗೇನಾದ್ರೂ ಕೇಳಿಸ್ತಾ?”

“ನನ್ನನ್ನು ಎಳೀಬೇಡಪ್ಪ,” ಎಂದ ಗನ್ನರ್. “ನಿಮ್ಮ ಮನೆ ವಿಷಯ.”

ದಿಬ್ಬದ ಮೇಲೂ ಬಯಲಿನ ತುಂಬವೂ ಕೇಳಿಸುತ್ತಿದ್ದುದು ಗುಮ್ಮನ ಪಾಲಿನ ಮಾತು ಮಾತ್ರ. ಉಳಿದದ್ದನ್ನು ಜನ ತಾವೇ ತುಂಬಿಕೊಳ್ಳುತ್ತಿದ್ದರು. ಅದೇನೂ ಕಷ್ಟವಿರಲಿಲ್ಲ.

“ಅಕ್ಕನಿಗೂ ಹೀಗೇ ಅಲ್ವಾ ಹೇಳೋದು ನೀವು?” ಡ್ರೈವರ್ ಕಾಲು ಮೇಲೆತ್ತಿಕೊಂಡ. ನೀರು ತಣ್ಣಗಿತ್ತು. “ಸೋಮವಾರ ಅವಳು ಅಂಗಡಿಗೆ ಮಾತು ಕೊಡ್ತಾಳೆ. ಬದಲಿ ಗಿದಲಿ ಏನೂ ಇಲ್ಲ ತಾನೆ?”

ಗುಮ್ಮ ತೋಳಿನಿಂದ ಪರದೆ ಒರೆಸತೊಡಗಿದ.

“ಭಾವ. ಇಲ್ಲ ತಾನೆ?”

ಟ್ಯಾಂಕು ಇನ್ನೊಂದು ಗೇಣು ಕುಸಿಯಿತು. ಮನುಷ್ಯನ ಕೆನ್ನೆಯಲ್ಲಿ ಅಡಗಿದ್ದುದು ಹೊರಬರಲು ಕಾಲಡಿಯ ನೆಲ ಅಷ್ಟು ಇಳಿಯಬೇಕಾಯಿತು.

“ಇದೆ ಕಣೋ. ತರಬೇತಿ ಶಾಲೆಗೆ. ಮುಂದಿನ ತಿಂಗಳು ಹೋಗ್ಬೇಕು. ಅವಳಿಗೆ ಹೇಳ್ಬೇಡ. ಇದು ಒಬ್ಬರಿಗೂ ಗೊತ್ತಾಗಬಾರದು.”

“ಯಾಕೆ ಹೇಳಬಾರದು?”

“ಅವಳ ಮುಖ ಬಾಡುತ್ತಲ್ಲೋ. ಅದನ್ನ ನೋಡೋಕಾಗಲ್ಲ ನನಗೆ. ಲಾರಿ ಬಂದ ಮೇಲಾದ್ರೆ ಸಾಮಾನು ಹೊರೋ ಗಡಿಬಿಡಿ ಇರುತ್ತೆ. ಮುಖ ನೋಡೋ ಪ್ರಸಂಗ ಬರಲ್ಲ.”

ಅವನು ಬದುಕಿನಲ್ಲಿ ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ದಳದಲ್ಲಿ ಮೆದುಮನಸ್ಸಿನ ಕೆಲವರು ಅದನ್ನು ಕೇಳಿ ಕಣ್ಣೊರೆಸಿಕೊಂಡರಂತೆ. ಅವರ ಕಣ್ಣೀರು ಅಷ್ಟು ಅಗ್ಗವಾಗಬಾರದಿತ್ತು. ಹೆಂಡತಿಯ ಮುಖ ಬಾಡಬಾರದು ಎನ್ನುವುದು ಬೇರೆ, ಬಾಡುವಾಗ ನಾನು ಅಲ್ಲಿರಬಾರದು ಎನ್ನುವುದು ಬೇರೆ. ಎರಡನೆಯದಕ್ಕೆ ಪ್ರೀತಿ ಎಂದು ಹೆಸರಿಟ್ಟುಕೊಂಡು ಇಡೀ ಆಯುಷ್ಯ ಕಳೆಯುವ ಗಂಡಸರಿದ್ದಾರೆ. ಅವರಿಗೆಲ್ಲ ಟ್ಯಾಂಕು ಬೇಕಿಲ್ಲ. ಮನೆಯೊಳಗೇ ಉಕ್ಕಿನ ಗೋಡೆ ಕಟ್ಟಿಕೊಂಡಿರುತ್ತಾರೆ.

ಮೇಜರ್ ಮೊಣಕಾಲು ಮಟ್ಟದ ಬೂಟಿನಲ್ಲಿ ಕೆಸರು ತುಳಿದುಕೊಂಡು ಬಂದು ಸ್ಪ್ಯಾನರಿನಿಂದ ಗೋಪುರಕ್ಕೆ ಬಡಿದರು. ಗುಮ್ಮ ಮುಚ್ಚಳ ತೆರೆದು ಶುಭ್ರ ಮುಖವನ್ನು ಹೊರಗೆ ಹಾಕಿದ.

“ಸ್ವಿಚ್ಚು ಒಳಗೆ ಮಾಡ್ಕೊಳ್ಳಪ್ಪ,” ಎಂದರು ಮೇಜರ್. “ನಿಮ್ಮ ಸಂಸಾರ ಇವತ್ತಿಗೆ ಇಷ್ಟು ಸಾಕು.”

ಕೆಸರಿನಿಂದ ಟ್ಯಾಂಕನ್ನು ಎಳೆಯುವ ಗಾಡಿ ಬರುವುದು ತಡವಾಯಿತು. ಉಳಿದವರೆಲ್ಲ ಮೊದಲೇ ಮನೆ ಸೇರಿದರು. ಊಟದ ಹೊತ್ತಿಗೆ ಸೇನೆಯ ವಸತಿಯ ಎಲ್ಲ ಅಡುಗೆಮನೆಗಳಲ್ಲಿ ಗುಮ್ಮನ ಬದಲಿಯ ಸುದ್ದಿ ಒಲೆಯ ಮೇಲಿತ್ತು.

ಮಧ್ಯಾಹ್ನ ಗುಮ್ಮನ ಮನೆಯ ಮೇಲಿನ ಮನೆಯಾಕೆ ಕನ್ನಡಕದ ಸಡಿಲ ಸ್ಕ್ರೂ ಬಿಗಿಸಿಕೊಳ್ಳಲು ಅಂಗಡಿಗೆ ಬಂದಳು. ಅವಳ ಗಂಡನೂ ಅದೇ ದಳದಲ್ಲಿ ಕಮಾಂಡರ್.

“ಅಲ್ಲಿ ಚಳಿ ಜಾಸ್ತಿಯಂತೆ ಕಣ್ರೀ,” ಎಂದಳು. “ಬೆಚ್ಚಗಿನದು ಏನಾದ್ರೂ ಹೊಲಿಸಿಟ್ಕೊಳ್ಳಿ.”

“ಎಲ್ಲಿ?”

“ಶಾಲೆ ಇರೋ ಊರಲ್ಲಿ. ಮುಂದಿನ ತಿಂಗಳು ನೀವು...” ಮೇಲಿನ ಮನೆಯಾಕೆ ಅರ್ಧಕ್ಕೆ ನಿಂತಳು. “ನಿಮಗಿನ್ನೂ ಹೇಳಿಲ್ವಾ?”

ಗುಮ್ಮನ ಹೆಂಡತಿಯ ಕೈ ನಿಲ್ಲಲಿಲ್ಲ. ಸ್ಕ್ರೂ ಪೂರ್ತಿ ಬಿಗಿಯಾಯಿತು. “ಈಗ ಗೊತ್ತಾಯ್ತು.”

“ಅಯ್ಯೋ, ನನ್ನ ಬಾಯಿಂದ ಬಂದ ಹಾಗಾಯ್ತಲ್ಲ.”

“ಯಾರ ಬಾಯಿಂದಾದ್ರೂ ಬರಬೇಕಲ್ಲ. ನಿಮಗೆ ಹೇಗೆ ಗೊತ್ತಾಯ್ತು?”

“ಅವರೇ ಹೇಳಿದ್ರಂತೆ. ರೇಡಿಯೋದಲ್ಲಿ, ಎಲ್ಲರಿಗೂ.” ಅವಳು ದನಿ ತಗ್ಗಿಸಿದಳು. “ನಿಮ್ಮ ಮುಖ ಬಾಡುತ್ತೆ ಅಂತ ನಿಮಗೆ ಮಾತ್ರ ಹೇಳಲಿಲ್ಲವಂತೆ.”

ಕನ್ನಡಕದಂಗಡಿಯಲ್ಲಿ ಕನ್ನಡಿಗಳಿಗೆ ಬರವಿಲ್ಲ. ಅವಳು ಒಂದರ ಮುಂದೆ ಹೋಗಿ ನಿಂತಳು. “ಬಾಡಿದೆಯಾ, ನೋಡಿ.”

“ಇಲ್ಲಪ್ಪ,” ಎಂದಳು ಮೇಲಿನ ಮನೆಯಾಕೆ. “ಕೆಂಪಗಾಗಿದೆ.”

ಅವಳು ಸೋಮವಾರಕ್ಕೆ ಕಾಯಲಿಲ್ಲ. ಹಿಂಬದಿಯ ಕೋಣೆಯಲ್ಲಿ ಮಧ್ಯಾಹ್ನದ ಜೊಂಪಿನಲ್ಲಿದ್ದ ಯಜಮಾನರನ್ನು ಎಬ್ಬಿಸಿ, ಅಂಗಡಿ ನಾನು ನೋಡ್ಕೊಳ್ತೀನಿ, ಇಲ್ಲೇ ಇರ್ತೀನಿ ಎಂದಳು. ಮುದುಕರು ಗಲ್ಲಾಪೆಟ್ಟಿಗೆಯ ಬೀಗದಕೈಯನ್ನು ಅವಳ ಅಂಗೈಯಲ್ಲಿಟ್ಟರು. ಆಮೇಲೆ ಅವಳು ಪಕ್ಕದ ಔಷಧಿ ಅಂಗಡಿಯವನಿಗೂ ಎದುರಿನ ದರ್ಜಿಗೂ ವಿಷಯ ತಿಳಿಸಿದಳು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗಿತ್ತು.

ಗುಮ್ಮ ಸಂಜೆ ಅಂಗಡಿಗೇ ಬಂದ. ಸೊಂಟದವರೆಗೆ ಕೆಸರು ಒಣಗಿ ಬಿರುಕುಬಿಟ್ಟಿತ್ತು. ಅವಳು ಬೂಟು ಹೊರಗೆ ಬಿಡಲು ಹೇಳಿ, ಗಿರಾಕಿಗಳ ಕುರ್ಚಿಯ ಮೇಲೆ ಹಳೆಯ ಪೇಪರು ಹಾಸಿ ಕೂರಿಸಿದಳು.

“ಏನಾದ್ರೂ ಹೇಳೋದಿದೆಯಾ?”

ದಾರಿಯುದ್ದಕ್ಕೂ ಅವನು ಹೇಳಬೇಕಾದ್ದನ್ನು ಜೋಡಿಸಿಕೊಂಡು ಬಂದಿದ್ದ. ಬಾಯಿ ಮಾತ್ರ ತನ್ನ ಹಳೆಯ ಚಾಳಿ ಬಿಡಲಿಲ್ಲ. “ನೋಡೋಣ,” ಎಂದಿತು.

“ನೋಡೋಣವಂತೆ,” ಎಂದು ಅವಳು ಭಾರದ ಚೌಕಟ್ಟನ್ನು ಅವನ ಮೂಗಿನ ಮೇಲಿಟ್ಟು ಒಂದು ಗಾಜು ಇಳಿಸಿದಳು. “ಕಾಣುತ್ತಾ?”

“ಮಸುಕು.”

ಇನ್ನೊಂದು ಇಳಿಸಿದಳು. “ಈಗ?”

“ಈಗ ಕಾಣುತ್ತೆ.” ಅವನು ನೋಡುತ್ತಿದ್ದುದು ಗೋಡೆಯ ಅಕ್ಷರಗಳನ್ನಲ್ಲ, ಎದುರಿಗಿದ್ದ ಮುಖವನ್ನು. ಅದು ಬಾಡಿರಲಿಲ್ಲ. ಇಷ್ಟು ವರ್ಷ ಯಾವುದನ್ನು ನೋಡಲಾರೆನೆಂದು ತಪ್ಪಿಸಿಕೊಂಡು ತಿರುಗಿದ್ದನೋ ಅದು ಅಲ್ಲಿ ಇರಲೇ ಇಲ್ಲ.

“ಅಂಗಡಿ ನಾನು ಒಪ್ಕೊಂಡೆ,” ಎಂದಳು ಅವಳು. “ನೀವು ಹೋಗಿ ಬನ್ನಿ. ನಾನು ಬರಲ್ಲ.”

“ಒಪ್ಕೊಂಡೆಯಾ? ನನಗೊಂದು ಮಾತು ಹೇಳಬಾರದಿತ್ತಾ?”

“ಮಧ್ಯಾಹ್ನವೇ ಬೀದಿಗೆಲ್ಲ ಹೇಳಿದ್ದೀನಲ್ಲ. ನಿಮ್ಮ ಕಿವಿಗೆ ಬೀಳಲಿಲ್ವಾ?”

ಮುಂದಿನ ತಿಂಗಳು ಲಾರಿ ಬಂತು. ಒಂದು ಪೆಟ್ಟಿಗೆ, ಒಂದು ಹಾಸಿಗೆಯ ಸುರುಳಿ ಹತ್ತಿಸಿಕೊಂಡು ಹೋಯಿತು. ಮಂಚ ಮನೆಯಲ್ಲೇ ಉಳಿಯಿತು. ಶುಕ್ರವಾರದ ಪ್ರಸಂಗವಾದ ಮೇಲೂ ಶಾಲೆಯವರು ಮನಸ್ಸು ಬದಲಿಸಲಿಲ್ಲ. ಪ್ರಶ್ನೆ ಮೇಡಂ ಆ ಇಡೀ ಸಂಭಾಷಣೆಯನ್ನು ‘ಒಳಸಂವಹನದಲ್ಲಿ ಕಂಡುಬಂದ ಅಡಚಣೆ’ ಎಂದು ಬರೆದು, ಪರಿಹಾರವಾಗಿ ಇನ್ನೂ ದೊಡ್ಡ ಪರದೆ ಸೂಚಿಸಿದ್ದರು. ಹೀಗೆ, ಯಾರಿಗೆ ಯಾವಾಗ ಏನು ತಿಳಿಸಬೇಕು ಎಂಬ ಪಾಠವನ್ನು ಹೊಸಬರಿಗೆ ಈಗ ಗುಮ್ಮ ಹೇಳುತ್ತಾನೆ. ಡ್ರೈವರನಿಗೆ ಹೊಸ ಕಮಾಂಡರ್ ಬಂದಿದ್ದಾನೆ. ಅವನು ದಾರಿಯ ಪ್ರತಿ ಪೊದೆಯನ್ನೂ ವರ್ಣಿಸುತ್ತಾನಂತೆ. ಭಾವನ ಕಾಲದಲ್ಲಿ ಒಂದು ಸುಖವಿತ್ತು ಅಕ್ಕ ಎಂದು ಡ್ರೈವರ್ ಒಮ್ಮೊಮ್ಮೆ ಅಂಗಡಿಗೆ ಬಂದು ಗೊಣಗುತ್ತಾನೆ. ಅವಳು ಅದಕ್ಕೆ ಕಿವಿಗೊಡುವುದಿಲ್ಲ.

ಗುಮ್ಮ ದಿನವೂ ಸಂಜೆ ಫೋನು ಮಾಡುತ್ತಾನೆ. ಮೊದಮೊದಲು ಊಟ ಆಯ್ತಾ ಎಂದು ಅವಳು ಕೇಳಿದರೆ ‘ನೋಡೋ...’ ಎಂದು ಶುರುಮಾಡಿ ಉಳಿದದ್ದನ್ನು ನುಂಗಿಕೊಳ್ಳುತ್ತಿದ್ದ. ಅವಳು ಇಟ್ಟುಬಿಡುತ್ತಿದ್ದಳು. ಈಗ ಹೇಳುತ್ತಾನೆ. ಕೋಣೆಯ ನಲ್ಲಿ ತೊಟ್ಟಿಕ್ಕುವುದು, ಕಿಟಕಿಯ ಬಾಗಿಲು ಗಾಳಿಗೆ ಬಡಿಯುವುದು, ಇವತ್ತು ತರಗತಿಯಲ್ಲಿ ಯಾರೋ ನಕ್ಕದ್ದು, ಎರಡನೆಯ ಕಂಬಳಿ ಕೊಳ್ಳಬೇಕೋ ಬೇಡವೋ ಎಂಬುದು. ಅವಳಿಗೆ ಎರಡೂ ಕೈಗೆ ಕೆಲಸ. ಅದಕ್ಕೇ ಫೋನನ್ನು ಮೇಜಿನ ಮೇಲೆ ಜೋರಾಗಿ ಕೇಳಿಸುವಂತೆ ಇಟ್ಟುಕೊಂಡಿರುತ್ತಾಳೆ. ಕುರ್ಚಿಯಲ್ಲಿ ಚೌಕಟ್ಟು ಹೊತ್ತು ಕೂತ ಗಿರಾಕಿ, ಬಾಗಿಲಲ್ಲಿ ಕಾಯುವ ದರ್ಜಿ, ಹಿಂಬದಿಯ ಕೋಣೆಯ ಮುದುಕರು ಎಲ್ಲರೂ ಕೇಳುತ್ತಾರೆ. ಆ ವಿಷಯ ಅವನಿಗೆ ಗೊತ್ತಿಲ್ಲ.

“ತಗೊಳ್ಳಿ, ಕಂಬಳಿ ತಗೊಳ್ಳಿ,” ಎಂದು ಅವಳು ಗಾಜು ಬದಲಿಸುತ್ತಾಳೆ. “ಈಗ ಕಾಣುತ್ತಾ?”

“ನನಗಾ?” ಎನ್ನುತ್ತದೆ ಫೋನು.

“ನಿಮಗಲ್ಲ ರೀ. ನೀವು ಹೇಳ್ತಾ ಇರಿ.”